ಸಿಡಿಲಿಗೆ ಸತ್ತ ಟಿವಿಯ ಮುಂದಿನ ಗತಿ

ಸಕಲೇಶಪುರದ ಕಡೆ ಕಾಫಿಗೊಂದು ಸುಗ್ಗಿ, ಮೆಣಸಿಗೊಂದು ಸುಗ್ಗಿ. ಟಿವಿ, ಮೊಬೈಲ್ ರಿಪೇರಿ ಮಾಡುವವರಿಗೂ ಒಂದು ಸುಗ್ಗಿ ಇದೆ. ಅದು ಹೂಮಳೆಯ ಬೆನ್ನಿಗೆ ಬರುತ್ತದೆ. ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ ಒಂದು ಸಂಜೆ ಮೋಡ ಕಟ್ಟಿ, ಗುಡುಗಿ, ನಾಲ್ಕು ಸಿಡಿಲು ಹೊಡೆದು, ಅರ್ಧ ಗಂಟೆ ಸುರಿದು ನಿಂತಿತೆಂದರೆ ತೋಟದವರೆಲ್ಲ ಫೋನ್ ಹಿಡಿದು ನಿಮಗೆಷ್ಟು ಸೆಂಟು, ನಮಗೆಷ್ಟು ಸೆಂಟು ಎಂದು ಮಳೆಯ ಲೆಕ್ಕ ಕೇಳಿಕೊಳ್ಳುತ್ತಾರೆ. ಮಾರನೆಯ ಬೆಳಗ್ಗೆ ಹೆತ್ತೂರು, ಯಸಳೂರು, ಹಾನುಬಾಳು ಕಡೆಯಿಂದ ಪೇಟೆಗೆ ಬರುವ ಬಸ್ಸುಗಳಲ್ಲಿ ಚೀಲದಲ್ಲಿ ಸುತ್ತಿದ ಸೆಟ್‌ಟಾಪ್ ಬಾಕ್ಸು, ಬೆಡ್‌ಶೀಟಿನಲ್ಲಿ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡ ಟಿವಿ, ಸುಟ್ಟ ವಾಸನೆ ಬರುವ ಯುಪಿಎಸ್ಸು ಇಳಿಯುತ್ತವೆ. ಆಲೂರು, ಮಗ್ಗೆ, ಪಾಳ್ಯದ ಕಡೆಯವು ಬಾಳ್ಳುಪೇಟೆಗೋ ಹಾಸನಕ್ಕೋ ಹೋಗುತ್ತವೆ. ಅಂಗಡಿಯವರದು ಎಲ್ಲ ಕಡೆಯೂ ಒಂದೇ ಪ್ರಶ್ನೆ: ಮಿಂಚು ಹೊಡೆದದ್ದಾ, ತಾನಾಗೇ ಹೋಗಿದ್ದಾ?

ಬೆಂಗಳೂರಿನಲ್ಲಿ ಕೂತು ಇ-ತ್ಯಾಜ್ಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೈಯುವುದು ಜನರ ಚಪಲವನ್ನು. ವರ್ಷಕ್ಕೊಂದು ಫೋನ್ ಬೇಕು, ಗೋಡೆ ತುಂಬುವ ಟಿವಿ ಬೇಕು, ಹಳೆಯದು ಕಸಕ್ಕೆ. ಆ ಬೈಗುಳ ಈ ಗುಡ್ಡಗಳಿಗೆ ಅಷ್ಟಾಗಿ ತಗಲುವುದಿಲ್ಲ. ಇಲ್ಲಿನ ಉಪಕರಣಗಳಿಗೆ ವಯಸ್ಸಾಗಿ ಸಾಯುವ ಯೋಗವೇ ಕಡಿಮೆ. ಸಿಡಿಲು, ಶೀತ, ಏರಿಳಿಯುವ ಕರೆಂಟು, ಈ ಮೂರರಲ್ಲಿ ಒಂದು ಅವನ್ನು ನಡುಹರೆಯದಲ್ಲೇ ಮುಗಿಸುತ್ತದೆ. ಹಾಗೆ ಮುಗಿದವೆಂದು ಅಟ್ಟ ಸೇರಿದವುಗಳಲ್ಲಿ ಬಹಳಷ್ಟು ನಿಜವಾಗಿ ಮುಗಿದಿರುವುದಿಲ್ಲ. ಅವುಗಳ ಒಳಗೆ ಸತ್ತಿರುವುದು ಗುಂಡಿಯಷ್ಟು ದೊಡ್ಡ ಒಂದು ಬಿಡಿಭಾಗ ಮಾತ್ರ.

ಸಿಡಿಲು ಬರುವ ದಾರಿ

ಸಿಡಿಲು ಮನೆಗೇ ಹೊಡೆಯಬೇಕೆಂದಿಲ್ಲ. ತೋಟದಾಚೆಯ ಸಿಲ್ವರ್ ಮರಕ್ಕೆ ಹೊಡೆದರೂ ಹತ್ತಿರದ ತಂತಿಗಳಲ್ಲಿ ಕಣ್ಣು ಮಿಟುಕಿಸುವುದಕ್ಕಿಂತ ಮೊದಲೇ ಸಾವಿರಾರು ವೋಲ್ಟಿನ ಅಲೆಯೊಂದು ಎದ್ದು ಹಾಯುತ್ತದೆ. ಒಂಟಿ ಮನೆಗಳಿಗೆ ಕರೆಂಟು ಬರುವುದೇ ಕಾಡು, ತೋಟ, ಹಳ್ಳಗಳ ಮೇಲೆ ದೂರದಿಂದ ಎಳೆದ ತಂತಿಯಲ್ಲಿ. ತಂತಿ ಉದ್ದವಾದಷ್ಟೂ ಅಲೆಗೆ ಹತ್ತಲು ಜಾಗ ಹೆಚ್ಚು.

ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳುವ ಅಭ್ಯಾಸ ಇಲ್ಲಿನ ಎಲ್ಲ ಮನೆಗಳಲ್ಲೂ ಇದೆ. ಮಕ್ಕಳಿಗೂ ಗೊತ್ತು. ಆದರೆ ಟಿವಿಯ ಹಿಂದಿನ ಡಿಶ್ ವೈರನ್ನು ಕೀಳುವವರು ಕಡಿಮೆ. ಹೆಂಚಿನ ಮೇಲೆ ನಿಂತ ಡಿಶ್‌ನಿಂದ ಅಲೆ ಆ ವೈರು ಹಿಡಿದು ಸೆಟ್‌ಟಾಪ್ ಬಾಕ್ಸಿಗೆ ಇಳಿಯುತ್ತದೆ, ಅಲ್ಲಿಂದ ಎಚ್‌ಡಿಎಂಐ ಕೇಬಲ್ ಹಿಡಿದು ಟಿವಿಯೊಳಕ್ಕೆ ನುಗ್ಗುತ್ತದೆ. ಪ್ಲಗ್ ತೆಗೆದಿದ್ದೆವಲ್ಲ, ಆದರೂ ಹೇಗೆ ಹೋಯಿತು ಎಂದು ಅಂಗಡಿಯಲ್ಲಿ ಗೋಳಾಡುವವರ ಟಿವಿಗಳು ಹೆಚ್ಚಾಗಿ ಹೀಗೆ ಹೋದವು. ತಾಮ್ರದ ತಂತಿಯ ಟೆಲಿಫೋನ್ ಇದ್ದ ಕಾಲದಲ್ಲಿ ಇಂಟರ್ನೆಟ್ ಮೋಡೆಮ್‌ಗಳ ಕತೆಯೂ ಇದೇ ಆಗಿತ್ತು. ಫೈಬರ್ ಬಂದ ಮೇಲೆ ಆ ದಾರಿ ಮುಚ್ಚಿತು: ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು, ಅದರೊಳಗೆ ಸಿಡಿಲಿನ ಕರೆಂಟು ಹರಿಯಲಾರದು. ಈಗ ಸಾಯುವುದು ಮೋಡೆಮ್ಮಿನ ಅಡಾಪ್ಟರ್ ಮಾತ್ರ, ಅದೂ ಪ್ಲಗ್ ಮರೆತರೆ.

ಸಿಡಿಲು ಹೊಡೆದ ಟಿವಿಯ ಬೆನ್ನು ಬಿಚ್ಚಿದರೆ ಹಾನಿ ಎಲ್ಲೆಲ್ಲೂ ಹರಡಿರುತ್ತದೆ ಎಂದು ನಾವು ಊಹಿಸುತ್ತೇವೆ. ಕರೆಂಟಿನ ತಂತಿಯಲ್ಲಿ ಬಂದ ಅಲೆಯಾದರೆ ಸಾಮಾನ್ಯವಾಗಿ ಅದು ಬಾಗಿಲಲ್ಲೇ ನಿಂತಿರುತ್ತದೆ. ಕರೆಂಟು ಒಳಬರುವ ಕಡೆ ಮೊದಲು ಒಂದು ಫ್ಯೂಸ್, ಅದರ ಪಕ್ಕ ಎಂಒವಿ ಎಂಬ ಬಿಲ್ಲೆಯಾಕಾರದ ಬಿಡಿಭಾಗ. ವೋಲ್ಟೇಜ್ ಮಿತಿ ಮೀರಿದರೆ ಅದನ್ನು ತನ್ನ ಮೈಮೇಲೆ ಎಳೆದುಕೊಂಡು, ಫ್ಯೂಸನ್ನು ಹಾರಿಸಿ, ತಾನು ಸಿಡಿದು ಉಳಿದವರನ್ನು ಕಾಯುವುದೇ ಅದರ ಕೆಲಸ. ಅದರಾಚೆಗೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡು, ಒಂದು ದೊಡ್ಡ ಕೆಪಾಸಿಟರ್, ಒಂದು ಪವರ್ ಐಸಿ. ಮಲ್ಟಿಮೀಟರ್ ಹಿಡಿದು ಒಂದೊಂದೇ ಕಾಲು ಮುಟ್ಟುತ್ತ ಹೋದರೆ ಶಾರ್ಟ್ ಆದ ಕಡೆ ಬೀಪ್ ಕೇಳುತ್ತದೆ. ಹಳತನ್ನು ಕಿತ್ತು ಹೊಸತನ್ನು ಬೆಸುಗೆ ಹಾಕಬೇಕು. ಬಿಡಿಭಾಗದ ಬೆಲೆ ಹತ್ತಿಪ್ಪತ್ತು ರೂಪಾಯಿಯಿಂದ ಶುರು. ಉಳಿದದ್ದು ಕಣ್ಣು, ಕೈ, ತಾಳ್ಮೆಯ ಕೂಲಿ.

ಕಂಪನಿಯ ಸರ್ವೀಸಿನಲ್ಲಿ ಹೀಗೆ ನಡೆಯುವುದಿಲ್ಲ. ಅಲ್ಲಿ ಬಿಡಿಭಾಗ ಬದಲಿಸುವ ಪದ್ಧತಿಯೇ ಇಲ್ಲ, ಬೋರ್ಡ್ ಬದಲಿಸುತ್ತಾರೆ. ಬೋರ್ಡಿನ ಬೆಲೆಗೆ ಇನ್ನಷ್ಟು ಸೇರಿಸಿದರೆ ಹೊಸ ಟಿವಿಯೇ ಬರುತ್ತದೆ ಎಂದು ಗಿರಾಕಿ ಲೆಕ್ಕ ಹಾಕುತ್ತಾನೆ, ಲೆಕ್ಕ ತಪ್ಪೂ ಅಲ್ಲ. ಬಿಲ್ಲೆಯಷ್ಟು ದೊಡ್ಡ ಒಂದು ಭಾಗ ತನ್ನ ಕೆಲಸವನ್ನು ಸರಿಯಾಗಿ ಮಾಡಿ ಸತ್ತದ್ದಕ್ಕೆ ನಲವತ್ತಿಂಚಿನ ಟಿವಿಯೊಂದು ತ್ಯಾಜ್ಯವಾಗುವುದು ಹೀಗೆ.

ಗಾಳಿಮಳೆಯ ದಿನಗಳಲ್ಲಿ ಇದಕ್ಕಿಂತ ದೊಡ್ಡ ಅನಾಹುತ ನ್ಯೂಟ್ರಲ್ ಕಟ್ಟಾಗುವುದು. ಕೊಂಬೆ ಬಿದ್ದು ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತಂತಿಯೊಂದೇ ಹರಿದರೆ ಕೆಲವು ಮನೆಗಳಿಗೆ 230 ವೋಲ್ಟಿನ ಬದಲು ನಾನೂರರ ಹತ್ತಿರ ಬರಬಹುದು. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನ ಹತ್ತಾರು ಮನೆಗಳ ಫ್ರಿಜ್, ಟಿವಿ, ಎಲ್‌ಇಡಿ ಬಲ್ಬು, ಚಾರ್ಜರುಗಳು ಒಟ್ಟಿಗೆ ಹೋಗುತ್ತವೆ. ವೋಲ್ಟೇಜ್ ಹೆಚ್ಚಾದರೆ ತಾನೇ ಕತ್ತರಿಸುವ ಸಣ್ಣ ಪ್ರೊಟೆಕ್ಟರ್ ಪೆಟ್ಟಿಗೆಗಳು ಈಗ ಪೇಟೆಯ ಇಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತವೆ. ಅದನ್ನು ಹಾಕಿಸಿ, ಗುಂಡಿ ತೋಡಿ ಸರಿಯಾದ ಅರ್ಥಿಂಗ್ ಮಾಡಿಸಿದ ಮನೆ ಉಳಿಸುವಷ್ಟು ಇ-ತ್ಯಾಜ್ಯವನ್ನು ಯಾವ ಜಾಗೃತಿ ಜಾಥಾವೂ ಉಳಿಸಲಾರದು. ಅರ್ಥಿಂಗ್ ಎಂದರೆ ಬೇಸಿಗೆಯಲ್ಲಿ ಅದರ ಬುಡಕ್ಕೆ ಎರಡು ಕೊಡ ನೀರು ಹೊಯ್ಯುವುದೂ ಸೇರಿ. ಒಣಗಿದ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಿಡಿಲಿನ ಕಾಲವೋ, ಮಣ್ಣು ಒಣಗಿರುವ ಬೇಸಿಗೆಯ ಕೊನೆಗೇ ಬರುತ್ತದೆ.

ಜಡಿಮಳೆ, ಇರುವೆ, ಅಕ್ಕಿ

ಜೂನ್ ಬಂತೆಂದರೆ ಸಾವಿನ ಬಗೆ ಬದಲಾಗುತ್ತದೆ. ಬಿಸಿಲೆ, ಹೆತ್ತೂರಿನ ಕಡೆ ವಾರಗಟ್ಟಲೆ ಬಿಸಿಲೇ ಕಾಣದ ಜಡಿಮಳೆ. ಆಲೂರಿಗೆ ಬರುವಷ್ಟರಲ್ಲಿ ಮಳೆ ತೆಳುವಾಗುತ್ತದೆ, ಶೀತ ಅಲ್ಲೂ ಬಿಡುವುದಿಲ್ಲ. ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಟಿವಿಯ ಬೋರ್ಡು ಮಾತ್ರ ಒಣಗಿ ಕೂತಿರಲು ಹೇಗೆ ಸಾಧ್ಯ? ಗಾಳಿಯ ತೇವ ದೂಳಿನ ಪದರಕ್ಕೆ ಇಳಿಯುತ್ತದೆ, ತಾಮ್ರದ ಗೆರೆಗಳಿಗೆ ಹಸಿರು ಕಿಲುಬು ಬರುತ್ತದೆ, ರಿಮೋಟಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ತಿಂಗಳುಗಟ್ಟಲೆ ಹಾಕದೇ ಇಟ್ಟ ಸಾಮಾನು ಮೊದಲು ಹೋಗುತ್ತದೆ, ದಿನವೂ ಬಳಸಿದ್ದು ತನ್ನ ಬಿಸಿಯಲ್ಲೇ ಒಣಗಿಕೊಂಡು ಉಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಸುಮ್ಮನೆ ಟಿವಿ ಹಾಕಿಡುವ ಅಜ್ಜಿಯರು ಧಾರಾವಾಹಿಯ ನೆಪದಲ್ಲಿ ವಿಜ್ಞಾನವನ್ನೇ ಪಾಲಿಸುತ್ತಿರುತ್ತಾರೆ.

ಇರುವೆಗಳಿಗೂ ಬೆಚ್ಚಗಿನ ಜಾಗ ಬೇಕು. ಸ್ವಿಚ್‌ಬೋರ್ಡು, ಯುಪಿಎಸ್ಸು, ಮಿಕ್ಸಿಯ ಬುಡ ಅವಕ್ಕೆ ಮಳೆಗಾಲದ ಛತ್ರ. ಹಲ್ಲಿ ಸಿಕ್ಕಿ ಸುಟ್ಟ ಇನ್ವರ್ಟರ್ ಬೋರ್ಡುಗಳನ್ನು ರಿಪೇರಿಯವರು ವಿಶೇಷವೆಂದೇನೂ ತೋರಿಸುವುದಿಲ್ಲ.

ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯ ಇಲ್ಲೂ ಮನೆಮಾತು. ಹಾಗೆ ಮಾಡಬೇಡಿ, ಅಕ್ಕಿಯ ಹುಡಿ ಒಳಗೆ ಸೇರಿ ಹಾನಿಯಾದೀತು ಎಂದು ಆ್ಯಪಲ್ ಕಂಪನಿಯೇ 2024ರಲ್ಲಿ ಹೇಳಿತು. ಮಾಡಬೇಕಾದದ್ದು ಬೇರೆ. ಕೂಡಲೇ ಸ್ವಿಚ್ ಆಫ್ ಮಾಡಬೇಕು, ಚಾರ್ಜಿಗೆ ಹಾಕಿ ನೋಡುವ ಆಸೆ ಬಿಡಬೇಕು, ಅದೇ ದಿನ ಅಂಗಡಿಗೆ ಮುಟ್ಟಿಸಬೇಕು. ಅಲ್ಲಿ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಟೂತ್‌ಬ್ರಶ್ಶಿನಿಂದ ಬೋರ್ಡು ಉಜ್ಜಿ ಒಣಗಿಸಿದರೆ ಅನೇಕ ಫೋನುಗಳು ಏಳುತ್ತವೆ. ನಾಲ್ಕು ದಿನ ಅಕ್ಕಿಯಲ್ಲಿ ಮಲಗಿ ಬಂದವಕ್ಕೆ ಅಷ್ಟರಲ್ಲಿ ಕಿಲುಬು ಹತ್ತಿರುತ್ತದೆ. ಬಚ್ಚಲೊಲೆಯ ಪಕ್ಕ ಒಣಗಿಸಲು ಇಟ್ಟು ಬ್ಯಾಟರಿ ಉಬ್ಬಿಸಿಕೊಂಡು ಬರುವವರೂ ಇದ್ದಾರೆ. ಉಬ್ಬಿದ ಲಿಥಿಯಂ ಬ್ಯಾಟರಿ ಬೆಂಕಿಗೆ ಕಾದು ಕೂತ ಸಾಮಾನು, ಅದನ್ನು ಚುಚ್ಚಬಾರದು, ಕಸದ ಬುಟ್ಟಿಗೂ ಹಾಕಬಾರದು.

ಇನ್ನೊಂದು ಬಹಳ ಸಾಮಾನ್ಯ ಕಾಯಿಲೆ, ಮಳೆಗೂ ಸಿಡಿಲಿಗೂ ಸಂಬಂಧವಿಲ್ಲದ್ದು: ಟಿವಿಯಲ್ಲಿ ಮಾತು ಕೇಳುತ್ತದೆ, ಚಿತ್ರ ಬರುವುದಿಲ್ಲ. ಕತ್ತಲೆಯಲ್ಲಿ ಪರದೆಗೆ ಟಾರ್ಚ್ ಬಿಟ್ಟು ನೋಡಿ, ಒಳಗೆ ಮಸುಕಾಗಿ ಚಿತ್ರ ಓಡುತ್ತಿದ್ದರೆ ಪ್ಯಾನೆಲ್ ಚೆನ್ನಾಗಿಯೇ ಇದೆ ಎಂದರ್ಥ. ಹಿಂದಿನಿಂದ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗಳಲ್ಲಿ ದೀಪಗಳು ಒಂದರ ಬೆನ್ನಿಗೊಂದು ಸಾಲಾಗಿ ಜೋಡಣೆಯಾಗಿರುತ್ತವೆ, ಒಂದು ಸತ್ತರೆ ಸಾಲೆಲ್ಲ ಆರುತ್ತದೆ. ಪಟ್ಟಿ ಬದಲಿಸಿದರೆ ಟಿವಿ ಮತ್ತೆ ವರ್ಷಗಟ್ಟಲೆ ಓಡುತ್ತದೆ. ಹೊಸ ಟಿವಿ ತಂದ ದಿನವೇ ಸೆಟ್ಟಿಂಗಿನಲ್ಲಿ ಬ್ಯಾಕ್‌ಲೈಟನ್ನು ಸ್ವಲ್ಪ ಇಳಿಸಿಟ್ಟರೆ ಈ ಕಾಯಿಲೆ ದೂರ ಹೋಗುತ್ತದೆ. ಪರದೆಯೇ ಒಡೆದಿದ್ದರೆ ಮಾತ್ರ ಆಸೆ ಬಿಡಬೇಕು. ಆಗಲೂ ಒಳಗಿನ ಬೋರ್ಡನ್ನು ರಿಪೇರಿಯವರು ಕೊಂಡಿಟ್ಟುಕೊಳ್ಳುತ್ತಾರೆ, ಅದೇ ಮಾದರಿಯ ಇನ್ನೊಂದು ಟಿವಿ ಬೋರ್ಡ್ ಸುಟ್ಟುಕೊಂಡು ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ.

ಮೋಟರುಗಳ ವಿಚಾರದಲ್ಲಿ ಈ ಊರುಗಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಪಲ್ಪರ್ ಮೋಟರು, ನೀರಿನ ಪಂಪು ಸುಟ್ಟರೆ ವೈಂಡಿಂಗ್ ಅಂಗಡಿಗೆ ಹೋಗುತ್ತದೆ. ಅದನ್ನು ಎಸೆಯುವ ಯೋಚನೆ ಯಾರಿಗೂ ಬರುವುದಿಲ್ಲ. ಹಳೇ ತಾಮ್ರ ತೂಕಕ್ಕೆ, ಹೊಸ ತಾಮ್ರ ಸುತ್ತಲಿಕ್ಕೆ. ಆನೆ ಹಾಯುವ ಕಡೆಯ ಐಬೆಕ್ಸ್ ಎಂಬ ಕರೆಂಟು ಬೇಲಿಯ ಮಷೀನು, ಬ್ಯಾಟರಿ ಸ್ಪ್ರೇಯರು, ಕಾಫಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲಕ್ಕೂ ಇದೇ ನ್ಯಾಯ ನಡೆಯುತ್ತದೆ. ಕೆಲಸದ ಸಾಮಾನಿಗೆ ರಿಪೇರಿ, ಮನರಂಜನೆಯ ಸಾಮಾನಿಗೆ ಅಟ್ಟ ಎಂಬ ಭೇದವನ್ನು ನಾವೇ ಮಾಡಿಕೊಂಡಿದ್ದೇವೆ.

ಅಂಟು ಹಾಕಿದ ಫೋನು

ವಾಲ್ವ್ ರೇಡಿಯೊ ಇದ್ದ ಕಾಲದಲ್ಲಿ ಸೆಟ್ಟಿನ ಜೊತೆಗೇ ಸರ್ಕ್ಯೂಟ್ ನಕ್ಷೆ ಬರುತ್ತಿತ್ತು, ಕೆಲವದರಲ್ಲಿ ಹಿಂಬದಿಯ ಹಲಗೆಗೇ ಅಂಟಿಸಿರುತ್ತಿದ್ದರು. ಬಿಚ್ಚುವವನೊಬ್ಬ ಇದ್ದಾನೆ ಎಂದು ತಯಾರಿಸಿದವನು ಒಪ್ಪಿಕೊಂಡಿದ್ದ ಕಾಲ ಅದು. ಇಂದಿನ ಫೋನಿನ ಬೆನ್ನಿಗೆ ಸ್ಕ್ರೂ ಕಾಣುವುದಿಲ್ಲ, ಅಂಟು ಇದೆ. ಬ್ಯಾಟರಿಗೂ ಅಂಟು. ಪರದೆಯೂ ಟಚ್ಚೂ ಒಂದೇ ಆಗಿರುವ ಕಾಂಬೋ, ಸಣ್ಣ ಬಿರುಕು ಬಿಟ್ಟರೂ ಇಡೀ ಕಾಂಬೋ ಬದಲಿಸಬೇಕು. ಕಾಂಬೋ, ಬ್ಯಾಟರಿ, ಚಾರ್ಜಿಂಗ್ ಬೋರ್ಡು, ಎಲ್ಲವೂ ಬರಬೇಕಾದದ್ದು ಹೆಚ್ಚುಕಡಿಮೆ ಇನ್ನೂರಿಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಒರಿಜಿನಲ್ಲೋ ಡೂಪ್ಲಿಕೇಟೋ, ಹೆಸರೇ ಇಲ್ಲದ ಮಾದರಿಯದಾದರೆ ಸಿಗುತ್ತದೋ ಇಲ್ಲವೋ, ಅದು ಅದೃಷ್ಟ. ಎರಡು ವರ್ಷ ಹಳೆಯ ಮಾಡೆಲ್ಲಿಗೆ ಪಾರ್ಟ್ ಸಿಗಲ್ಲ ಎಂಬ ಮಾತನ್ನು ಈ ಅಂಗಡಿಗಳಲ್ಲಿ ದಿನಕ್ಕೆ ಎಷ್ಟು ಸಲ ಹೇಳುತ್ತಾರೋ.

ಇದು ಬರೀ ಅನುಕೂಲದ ಪ್ರಶ್ನೆಯೂ ಅಲ್ಲ. ಆಲೂರು, ಸಕಲೇಶಪುರದಲ್ಲಿ ಆನೆ ಹಿಂಡು ಯಾವ ತೋಟದಲ್ಲಿದೆ ಎಂಬ ಸುದ್ದಿ ಬರುವುದು ಫೋನಿಗೆ. ಅರಣ್ಯ ಇಲಾಖೆಯ ಸಂದೇಶ, ಊರಿನ ವಾಟ್ಸ್‌ಆ್ಯಪ್ ಗುಂಪು ನೋಡಿಕೊಂಡೇ ಕೆಲಸದವರು ಬೆಳಗ್ಗೆ ತೋಟಕ್ಕೆ ಇಳಿಯುತ್ತಾರೆ. ಕಾರ್ಮಿಕರ ಲೈನ್ ಮನೆಯಲ್ಲಿರುವವರ ಜೇಬಿನ ಫೋನು ಚಾರ್ಜ್ ನಿಲ್ಲದೆ ಮಧ್ಯಾಹ್ನಕ್ಕೇ ಆರಿದರೆ ಅದರ ಬೆಲೆ ಬೇರೆಯೇ ಇರುತ್ತದೆ. ಅಸ್ಸಾಮಿನಿಂದ, ಉತ್ತರದ ರಾಜ್ಯಗಳಿಂದ ಕಾಫಿ ಕೊಯ್ಲಿಗೆ ಬಂದು ನಿಂತವರು ಕೊಳ್ಳುವುದು ಸೆಕೆಂಡ್‌ಹ್ಯಾಂಡ್ ಫೋನುಗಳನ್ನೇ. ಬೆಳೆಗಾರರ ಮಗ ಬಿಟ್ಟ ಫೋನು ಬ್ಯಾಟರಿ ಬದಲಿಸಿಕೊಂಡು ಕಾರ್ಮಿಕನ ಜೇಬಿಗೆ, ಅಲ್ಲಿಂದ ಊರಿಗೆ ಹೋಗುವಾಗ ತಮ್ಮನಿಗೆ. ಮರುಬಳಕೆ ಎಂಬ ದೊಡ್ಡ ಹೆಸರಿಲ್ಲದೆ ನಡೆಯುವ ಈ ವ್ಯಾಪಾರ ನಿಂತಿರುವುದು ಒಂದು ಬ್ಯಾಟರಿ ಸಿಗುತ್ತದೋ ಇಲ್ಲವೋ ಎಂಬುದರ ಮೇಲೆ.

2020ರಲ್ಲಿ ಶಾಲೆ ಮುಚ್ಚಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ ಕೂತಿದ್ದರಲ್ಲ, ಆಗ ಸಾಲ ಮಾಡಿ ತಂದ ಫೋನು, ಲ್ಯಾಪ್‌ಟಾಪುಗಳೆಲ್ಲ ಈಗ ಒಟ್ಟಿಗೇ ಸೋಲುತ್ತಿವೆ. ಅದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, ವಿಂಡೋಸ್ 11 ಹಳೆಯ ಬಹಳಷ್ಟು ಯಂತ್ರಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಯಂತ್ರಕ್ಕೆ ಏನೂ ಆಗಿಲ್ಲ, ತಂತ್ರಾಂಶ ಮಾತ್ರ ಕೈಬಿಟ್ಟಿದೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಸೇರಿಸಿದರೆ ಅಂಥ ಲ್ಯಾಪ್‌ಟಾಪು ಕನ್ನಡ ಟೈಪಿಸುವುದಕ್ಕೆ, ತೋಟದ ಲೆಕ್ಕಕ್ಕೆ, ಮಕ್ಕಳ ಓದಿಗೆ ಇನ್ನೂ ನಾಲ್ಕೈದು ವರ್ಷ ಸಾಕು. ಹಳೆಯ ಫೋನನ್ನು ಕಾಫಿ ಒಣಹಾಕಿದ ಕಣದ ಕಡೆ ಮುಖ ಮಾಡಿ ಕ್ಯಾಮೆರಾ ಆಗಿ ಕೂರಿಸಬಹುದು, ಸಿಗ್ನಲ್ ಸಿಗುವ ಮೂಲೆಯಲ್ಲಿಟ್ಟು ಇಡೀ ಮನೆಗೆ ಹಾಟ್‌ಸ್ಪಾಟ್ ಮಾಡಿಕೊಳ್ಳಬಹುದು. ಸುರಕ್ಷತೆಯ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾತ್ರ ಇಟ್ಟುಕೊಳ್ಳಬಾರದು.

ಉಪಗ್ರಹಕ್ಕೆ ಇದ್ದ ದಾರಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಊರವರ ಬಾಯಲ್ಲಿ ಎಂಸಿಎಫ್. 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. 2007ರಲ್ಲಿ ಹಾರಿದ ಇನ್ಸಾಟ್-4ಬಿ ಅಂಥದ್ದೊಂದು. ದೂರದರ್ಶನದ ಡಿಟಿಎಚ್ ಸೇವೆಯನ್ನು ಹೆಂಚಿನ ಮೇಲಿನ ಡಿಶ್ಶುಗಳಿಗೆ ಇಳಿಸಿದ ಉಪಗ್ರಹ ಅದು. ಆಯಸ್ಸು ಮುಗಿದ ಮೇಲೆ 2022ರ ಜನವರಿಯಲ್ಲಿ ಅದನ್ನು ಅದರ ಕಕ್ಷೆಯಿಂದ ಸುಮಾರು 340 ಕಿಲೋಮೀಟರ್ ಮೇಲಕ್ಕೆ ಎತ್ತಿ, ಇನ್ನೊಂದು ಉಪಗ್ರಹಕ್ಕೆ ತಗುಲದ ಹಾಗೆ, ಒಳಗಿನ ಇಂಧನ ಖಾಲಿ ಮಾಡಿ ಆರಿಸಿದರು. ಹೀಗೆ ಮಾಡಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಿದೆ. ಅದಕ್ಕೆ ಬೇಕಾದ ಇಂಧನವನ್ನು ಮೊದಲೇ ಉಳಿಸಿಟ್ಟುಕೊಂಡಿರುತ್ತಾರೆ.

36 ಸಾವಿರ ಕಿಲೋಮೀಟರ್ ಮೇಲಿದ್ದ ಉಪಗ್ರಹಕ್ಕೆ ಸಲ್ಲಬೇಕಾದ ಸಂಸ್ಕಾರ ಸಂದಿತು. ಅದರ ಸಿಗ್ನಲ್ ಹಿಡಿಯುತ್ತಿದ್ದ ಸೆಟ್‌ಟಾಪ್ ಬಾಕ್ಸುಗಳು ಎಂಸಿಎಫ್‌ನಿಂದ ನಲವತ್ತು-ಐವತ್ತು ಕಿಲೋಮೀಟರ್ ದೂರದ ಅಟ್ಟಗಳ ಮೇಲೆ ಹಾಗೇ ಇವೆ. ಪಕ್ಕದಲ್ಲಿ ಡಬ್ಬದಂಥ ಹಳೆಯ ಟಿವಿ, ಎರಡು ಡಿವಿಡಿ ಪ್ಲೇಯರ್, ಚಾರ್ಜರುಗಳ ಗಂಟು, ಕೀಪ್ಯಾಡ್ ಫೋನುಗಳು, ಸುಟ್ಟ ಸ್ಟೆಬಿಲೈಸರ್. ಮಲೆನಾಡಿನ ಮನೆಗಳಿಗೆ ಅಟ್ಟ ದೊಡ್ಡದು, ಎಸೆಯಲು ಮನಸ್ಸು ಚಿಕ್ಕದು. ಆದ್ದರಿಂದ ಇಲ್ಲಿನ ಇ-ತ್ಯಾಜ್ಯದ ಬಹುಪಾಲು ಇನ್ನೂ ಕಸವಾಗಿಲ್ಲ. ಅದು ಒಳ್ಳೆಯ ಸುದ್ದಿ ಎಂದೇ ನನ್ನ ಎಣಿಕೆ. ಮನೆ ಕೆಡವಿ ಆರ್‌ಸಿಸಿ ಹಾಕಿಸುವ ದಿನ ಅಟ್ಟದ ಸಾಮಾನೆಲ್ಲ ಒಮ್ಮೆಗೇ ಕೆಳಗಿಳಿಯುತ್ತದೆ, ತೊಂದರೆ ಶುರುವಾಗುವುದು ಅಂದು.

ಆ ದಿನ ಬರುವುದು ಗುಜರಿಯವರ ಆಟೊ. ಅವರನ್ನು ದೂರಿ ಫಲವಿಲ್ಲ. ಗುಡ್ಡದ ಮೇಲಿನ ಮನೆಗೂ ಬರುವವರು ಅವರೊಬ್ಬರೇ. ತೂಕ ಹಾಕುವುದು ಕಬ್ಬಿಣ, ಅಲ್ಯುಮಿನಿಯಂ, ತಾಮ್ರಕ್ಕೆ. ವೈರಿನ ತಾಮ್ರ ಬಿಡಿಸಲು ಪ್ಲಾಸ್ಟಿಕ್ ಸುಡುತ್ತಾರೆ, ಆ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ. ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರ ಬಿಚ್ಚಿಕೊಂಡು ಗಾಜನ್ನು ಬೇಲಿಯ ಬದಿಗೆ ಎಸೆಯುತ್ತಾರೆ. ಆ ಗಾಜಿನಲ್ಲಿ ಸೀಸವಿದೆ, ಒಂದು ಟಿವಿಗೆ ಕಿಲೋ ಲೆಕ್ಕದಲ್ಲಿ. ಸಕಲೇಶಪುರ ತಾಲ್ಲೂಕಿನ ಮಳೆನೀರು ಎರಡು ಕಡೆ ಹರಿಯುತ್ತದೆ. ಪೂರ್ವಕ್ಕೆ ಹೇಮಾವತಿ ಸೇರಿ ಗೊರೂರು ಅಣೆಕಟ್ಟೆಗೆ, ಅಲ್ಲಿಂದ ಕಾವೇರಿಗೆ. ಪಶ್ಚಿಮಕ್ಕೆ ಕೆಂಪುಹೊಳೆ, ಕುಮಾರಧಾರೆಯ ದಾರಿಯಲ್ಲಿ ನೇತ್ರಾವತಿಗೆ. ಇಲ್ಲಿನ ಬೇಲಿಬದಿಯ ಕಸಕ್ಕೆ ಮಂಡ್ಯ, ತುಮಕೂರಿನ ಗದ್ದೆಗಳೂ ಮಂಗಳೂರಿನ ಕುಡಿಯುವ ನೀರೂ ವಾರಸುದಾರರು.

ಇಷ್ಟರ ನಡುವೆ ಒಂದು ಸಾಮಾನು ಮಾತ್ರ ತಪ್ಪದೆ ವಾಪಸ್ಸು ಹೋಗುತ್ತದೆ: ಇನ್ವರ್ಟರಿನ, ಜೀಪಿನ ಸೀಸದ ಬ್ಯಾಟರಿ. ಹಳೆಯದು ಕೊಟ್ಟರೆ ಹೊಸದರಲ್ಲಿ ಇಷ್ಟು ಕಡಿತ ಎಂದು ಅಂಗಡಿಯವನೇ ಕೇಳಿ ತೆಗೆದುಕೊಳ್ಳುತ್ತಾನೆ. ಮಾರಿದವರು ಹಳೆಯದನ್ನು ವಾಪಸ್ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂತು, ಸೀಸಕ್ಕೆ ಬೆಲೆಯೂ ಇತ್ತು. ನಿಯಮ, ಬೆಲೆ, ಊರಿನಲ್ಲೇ ಇರುವ ಅಂಗಡಿ, ಈ ಮೂರೂ ಕೂಡಿದ್ದಕ್ಕೆ ಹೆತ್ತೂರಿನ ಹಳೇ ಬ್ಯಾಟರಿಯೂ ಕಳೆದುಹೋಗುವುದಿಲ್ಲ.

ಕಿಲೋ ಲೆಕ್ಕದ ಕಾನೂನು

ಉಳಿದವಕ್ಕೆ ಕಾನೂನಿಲ್ಲವೆಂದಲ್ಲ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಿಂದೆ 21 ಬಗೆಯ ಸಾಮಾನುಗಳಿದ್ದ ಪಟ್ಟಿ ಈಗ 106ಕ್ಕೆ ಬೆಳೆದಿದೆ. ತಯಾರಿಸಿ ಮಾರಿದ ಕಂಪನಿ ತನ್ನ ಪಾಲಿನಷ್ಟು ತ್ಯಾಜ್ಯ ಮರುಸಂಸ್ಕರಣೆಯಾಯಿತೆಂದು ಪ್ರಮಾಣಪತ್ರ ಕೊಂಡು ತೋರಿಸಬೇಕು. ಶೇ 60ರಿಂದ ಶುರುವಾದ ಗುರಿ 2027-28ರ ಹೊತ್ತಿಗೆ ಶೇ 80 ಮುಟ್ಟಬೇಕು. ಪ್ರಮಾಣಪತ್ರದಲ್ಲಿ ಲೆಕ್ಕಕ್ಕೆ ಬರುವುದು ಹೊರತೆಗೆದ ಚಿನ್ನ, ತಾಮ್ರ, ಕಬ್ಬಿಣ, ಅಲ್ಯುಮಿನಿಯಂ. ದುರಸ್ತಿ ಮಾಡಿ ಮಾರುವವರಿಗೂ ನಿಯಮದಲ್ಲಿ ಜಾಗವಿದೆ, ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿ ಲೆಕ್ಕ ಸಲ್ಲಿಸಬೇಕು. ಎಂಟಡಿ ಅಗಲದ ಅಂಗಡಿಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದವನು ವರ್ಷಕ್ಕೆ ನೂರಾರು ಟಿವಿ ಬದುಕಿಸಿದರೂ ಈ ಲೆಕ್ಕಪುಸ್ತಕದಲ್ಲಿ ಅವನಿಗೆ ಸಾಲೊಂದಿಲ್ಲ. ಟಿವಿ ಪುಡಿಯಾದರೆ ಅಂಕ, ಅವನ ಕೈಯಲ್ಲಿ ಉಳಿದರೆ ಇಲ್ಲ.

ಮರುಸಂಸ್ಕರಣೆಗೆ ಕಂಪನಿಗಳು ಕಿಲೋಗೆ ಕನಿಷ್ಠ 22 ರೂಪಾಯಿ ಕೊಡಬೇಕೆಂದು ಸರ್ಕಾರ ಗೊತ್ತುಮಾಡಿತು. ಅದೂ ಹೆಚ್ಚಾಯಿತೆಂದು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಸೆಟ್‌ಟಾಪ್ ಬಾಕ್ಸೊಂದು ಅರ್ಧ ಕಿಲೋ ತೂಗುತ್ತದೆಂದು ಇಟ್ಟುಕೊಳ್ಳೋಣ. ಹನ್ನೊಂದು ರೂಪಾಯಿ. ಅದನ್ನು ಹೆತ್ತೂರಿನಿಂದ ಪೇಟೆಗೆ ತರುವ ಖರ್ಚೇ ಅದಕ್ಕಿಂತ ಹೆಚ್ಚು. ದೇಶದ ಮೊದಲ ಇ-ತ್ಯಾಜ್ಯ ಮರುಸಂಸ್ಕರಣಾ ಘಟಕವಾದ ಇ-ಪರಿಸರ 2005ರಲ್ಲಿ ಶುರುವಾದದ್ದು ನಮ್ಮದೇ ರಾಜ್ಯದ ದಾಬಸ್‌ಪೇಟೆಯಲ್ಲಿ. ಘಟಕಗಳಿಗೆ ರಾಜ್ಯದಲ್ಲಿ ಕೊರತೆಯಿಲ್ಲ, ಗುಡ್ಡ ಇಳಿಸುವ ಕೊನೆಯ ನಲವತ್ತು ಕಿಲೋಮೀಟರಿಗೆ ದುಡ್ಡು ಕೊಡುವವರಿಲ್ಲ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹೆತ್ತಿತೆಂದೂ ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಸಂಸ್ಕರಣೆಗೆ ಹೋದದ್ದು ಶೇ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದ ಪಾಲಿನ ಒಂದು ಚೂರು ಇಲ್ಲಿನ ಅಟ್ಟಗಳಲ್ಲಿದೆ.

ಈ ಕೊನೆಯ ದಾರಿಗೆ ಗಾಡಿ ಮಾತ್ರ ಈಗಾಗಲೇ ಇದೆ. ಗ್ರಾಮ ಪಂಚಾಯಿತಿಗಳ ಸ್ವಚ್ಛ ವಾಹಿನಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಓಡಿಸಿಕೊಂಡು ಮನೆಮನೆಗೆ ಬರುತ್ತಾರೆ. ಮೂರು ತಿಂಗಳಿಗೊಂದು ದಿನ ಅದರಲ್ಲಿ ಬರೀ ಎಲೆಕ್ಟ್ರಾನಿಕ್ ಸಾಮಾನು ಹೇರಿಸಬಹುದು. ಹೇರಿದ್ದನ್ನು ನೇರವಾಗಿ ಪುಡಿಮಾಡುವವರಿಗೆ ಕೊಡುವ ಮೊದಲು ಊರಿನ ರಿಪೇರಿಯವರನ್ನು ಕರೆದು, ಬೇಕಾದ ಬೋರ್ಡು, ಟ್ರಾನ್ಸ್‌ಫಾರ್ಮರು, ಪಟ್ಟಿ ಆರಿಸಿಕೊಳ್ಳಲು ಬಿಟ್ಟರೆ ಎಸ್.ಪಿ. ರಸ್ತೆಯ ದೂರ ಎಷ್ಟೋ ಕಡಿಮೆಯಾಗುತ್ತದೆ.

ದುರಸ್ತಿಯ ಹಕ್ಕಿನ ಮಾತು ದೆಹಲಿಯಲ್ಲೂ ನಡೆದಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಅದಕ್ಕೊಂದು ಪೋರ್ಟಲ್ ತೆರೆಯಿತು. ದುರಸ್ತಿ ಸೂಚ್ಯಂಕ ಹೇಗಿರಬೇಕೆಂದು ಭರತ್ ಖೇರಾ ಅಧ್ಯಕ್ಷತೆಯ ಸಮಿತಿ 2025ರ ಮೇನಲ್ಲಿ ವರದಿ ಕೊಟ್ಟಿತು. ಮೊದಲ ಸರದಿ ಮೊಬೈಲ್, ಟ್ಯಾಬ್ಲೆಟ್ಟುಗಳದ್ದು. ಇಂಥ ಅಂಕಪಟ್ಟಿಯನ್ನು ಫ್ರಾನ್ಸ್ 2021ರಲ್ಲೇ ತಂದಿತ್ತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬಂದ ಫೋನುಗಳಿಗೆ, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಒದಗಿಸಬೇಕು, ಅದೂ ಐದರಿಂದ ಹತ್ತು ಕೆಲಸದ ದಿನಗಳೊಳಗೆ. ಎರಡು ವರ್ಷ ಹಳೆಯ ಮಾಡೆಲ್ಲಿಗೆ ಪಾರ್ಟ್ ಸಿಗಲ್ಲ ಎಂಬ ಮಾತನ್ನು ಅಲ್ಲಿ ಹೇಳುವುದೇ ಕಾನೂನಿಗೆ ವಿರುದ್ಧವಾಯಿತು. ನಮ್ಮ ಸೂಚ್ಯಂಕ ಅಂಕ ಕೊಡುವುದಕ್ಕೆ ನಿಲ್ಲದೆ ಬಿಡಿಭಾಗ, ನಕ್ಷೆ ಎರಡನ್ನೂ ಹೊರಗಿನ ರಿಪೇರಿಯವನಿಗೆ ಕೊಡಿಸುತ್ತದೋ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಅಂಕ ನೋಡಿ ಫೋನ್ ಕೊಳ್ಳುವವರು ಮಲೆನಾಡಿನಲ್ಲಿ ಕಡಿಮೆ, ಅಂಗಡಿಯವನು ಬೇಡವೆಂದದ್ದನ್ನು ಕೊಳ್ಳದವರು ಬಹಳ.

ನೋಡಿದ್ದಕ್ಕೂ ಕೂಲಿ

ಬೆಂಗಳೂರಿನಲ್ಲಿ 2015ರ ನವೆಂಬರ್‌ನಿಂದ ರಿಪೇರ್ ಕೆಫೆ ನಡೆಯುತ್ತಿದೆ, ಪೂರ್ಣಾ ಸರ್ಕಾರ್, ಅಂತರಾ ಮುಖರ್ಜಿ ಎಂಬಿಬ್ಬರು ಶುರುಮಾಡಿದ್ದು. ಕಲ್ಪನೆಯ ಮೂಲ 2009ರ ಆಮ್‌ಸ್ಟರ್‌ಡ್ಯಾಮ್. ಕೆಟ್ಟ ಸಾಮಾನು ತಂದು, ಗೊತ್ತಿರುವವರ ಪಕ್ಕ ಕೂತು, ತಾವೇ ಸರಿಮಾಡಲು ಕಲಿಯುವ ಕೂಟ. ಮಹಾನಗರದಲ್ಲಿ ಬಿಚ್ಚುವ ಧೈರ್ಯವೇ ಕಳೆದುಹೋಗಿರುವಾಗ ಅದು ದೊಡ್ಡ ಕೆಲಸ. ಸಕಲೇಶಪುರಕ್ಕೆ ಅದನ್ನೇ ತಂದು ನೆಡಬೇಕೆಂದು ನನಗನ್ನಿಸುವುದಿಲ್ಲ. ಇಲ್ಲಿ ರಿಪೇರಿಯವರು ಇನ್ನೂ ಇದ್ದಾರೆ. ಪುಕ್ಕಟೆ ಕೂಟ ಅವರ ಹೊಟ್ಟೆಯ ಮೇಲೆ ಕೂರಬಾರದು. ಇಲ್ಲಿ ಬೇಕಾದದ್ದು ಅವರ ಬೆನ್ನಿಗೆ ಹುಡುಗರು. ಶಿರಾಡಿ ಘಾಟಿ ಇಳಿದು ಧರ್ಮಸ್ಥಳದ ಕಡೆ ತಿರುಗಿದರೆ ಸಿಗುವ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಹಿತ ಉಚಿತವಾಗಿ ಇಂಥ ಕಸುಬುಗಳನ್ನು ಹೇಳಿಕೊಡುತ್ತ ಬಂದಿದೆ. ಮೋಟರ್ ವೈಂಡಿಂಗ್, ಮೊಬೈಲ್ ರಿಪೇರಿ ಎರಡೂ ಅದರಲ್ಲಿವೆ. ದೇಶದ ಜಿಲ್ಲೆ ಜಿಲ್ಲೆಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾದದ್ದು ಅದೇ. ಕಲಿಯುವುದು ಕಷ್ಟವಲ್ಲ. ಕಲಿತವನು ಅಂಗಡಿ ಇಟ್ಟ ಎರಡನೇ ವರ್ಷಕ್ಕೆ ಬೆಂಗಳೂರಿನ ಬಸ್ಸು ಹತ್ತುತ್ತಾನಲ್ಲ, ಅದು ಕಷ್ಟ.

ಹತ್ತಲು ಕಾರಣವಿದೆ. ಟಿವಿ ತಂದವರು ಬೆಂಚಿನ ಮೇಲೆ ಕೂರುತ್ತಾರೆ. ಅವನು ಸ್ಕ್ರೂ ಬಿಚ್ಚಿ, ದೂಳು ಒರೆಸಿ, ಒಂದು ಗಂಟೆ ಬೋರ್ಡಿನ ಮೇಲೆ ಮಲ್ಟಿಮೀಟರ್ ಆಡಿಸಿ, ಕೊನೆಗೆ ಪ್ಯಾನೆಲ್ಲೇ ಹೋಗಿದೆ, ಇದಕ್ಕೆ ದುಡ್ಡು ಹಾಕಬೇಡಿ ಎನ್ನುತ್ತಾನೆ. ಅಂದರೆ ಗಿರಾಕಿಯ ಸಾವಿರಾರು ರೂಪಾಯಿ ಉಳಿಸುತ್ತಾನೆ. ಗಿರಾಕಿ ಮತ್ತೆ ಬೆಡ್‌ಶೀಟ್ ಕಟ್ಟಿಕೊಂಡು ಸರಿ ಹಾಗಾದರೆ ಎಂದು ಎದ್ದು ಹೋಗುತ್ತಾರೆ. ನೋಡಿದ್ದಕ್ಕೆ ಏನು ಕೊಡಲಿ ಎಂದು ಕೇಳುವವರು ಅಪರೂಪ. ಕೇಳಿದರೂ ಅವನೇ ಸಂಕೋಚಪಟ್ಟು ಬೇಡ ಅಣ್ಣ ಎನ್ನುತ್ತಾನೆ. ಹಾಸನದ ಸರ್ವೀಸ್ ಸೆಂಟರುಗಳಲ್ಲಿ ಇದೇ ತಪಾಸಣೆಗೆ ಟೋಕನ್ ಹಿಡಿದು ಸಾಲಿನಲ್ಲಿ ಕೂತು, ಜಿಎಸ್‌ಟಿ ಸಮೇತ ಮುಂಗಡ ಕಟ್ಟಿ, ರಸೀದಿಯನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡು ಬರುತ್ತೇವೆ.